ಮುಚ್ಚಳದ ಒಳಗಿನ ತಂತಿ

ಸೊಲ್ಲಾಪುರ
6 ಅಕ್ಟೋಬರ್ 2025

ಅಪ್ಪನಿಗೆ ಸಪನಾಳ ಜೈ ಭೀಮ.

ಆ ಜಗಳವಾಗಿ ಹದಿನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನಾವಿಬ್ಬರೂ ಎರಡನೆಯ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಅದೂ ಅಲ್ಲದೆ ನನಗೆ ಕನ್ನಡ ಓದಲು ಬರೆಯಲು ಬಂದದ್ದೇ ನಿಮ್ಮ ಪತ್ರಗಳಿಂದ. ಶಾಲೆಯಲ್ಲಿ ಮರಾಠಿ ಕಲಿತೆ, ನೀವು ವಾಯುಪಡೆಯಿಂದ ಬರೆಯುತ್ತಿದ್ದ ನೀಲಿ ಕಾಗದಗಳಲ್ಲಿ ಕನ್ನಡ ಕಲಿತೆ. ಆದ್ದರಿಂದ ನಿಮ್ಮೊಂದಿಗೆ ಸರಿಯಾಗಿ ಮಾತಾಡಲು ನನಗೆ ಬರೆಯುವುದೇ ಬೇಕು.

ಜೊತೆಗೆ ಒಂದು ಡಬ್ಬಿ ಕಳಿಸಿದ್ದೇನೆ. ನಾನೀಗ ನವಿ ಪೇಠದಲ್ಲಿ ಯೋಗಿರಾಜ ಶೇಠರ ಆಟಿಕೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಮೊನ್ನೆ ಅಲ್ಲಿಗೆ ಇದು ಬಂತು: ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಕಟ್ಟುವ ಮಿಗ್ ಯುದ್ಧವಿಮಾನ, ನಿಜದ ನಲವತ್ತೆಂಟರಲ್ಲಿ ಒಂದು ಪಾಲು. ಬಹಳ ಹಿಂದೆ ಬರುತ್ತಿದ್ದ ಕಿಟ್ ಅಂತೆ. ನಿಂತುಹೋಗಿತ್ತು, ಈಗ ಮತ್ತೆ ಹೊರತಂದಿದ್ದಾರೆ. ಶೇಠರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಸಪನಾ, ನಿಮ್ಮ ಅಪ್ಪಾ ಇದರ ಮ್ಯಾಲೇ ಕೆಲಸಾ ಮಾಡ್ಯಾರಲ್ಲಾ? ಅವರಿಗಿ ತೋರ್ಸು. ಛಲೋ ಅದ ಅಂದ್ರ ಇನ್ನಷ್ಟು ತರಸ್ತೀನಿ. ಇಲ್ಲಾಂದ್ರ ಪೋರಗೋಳಿಗಿ ಯಾಕ ಮೋಸಾ ಮಾಡೂದು" ಎಂದರು. ವ್ಯಾಪಾರಿಯ ಬಾಯಲ್ಲಿ ಇಂಥ ಮಾತು ನಾನು ನಿರೀಕ್ಷಿಸಿರಲಿಲ್ಲ.

ನೋಡಿ ಬರೆಯಿರಿ. ಅಂಗಡಿಗಾಗಿ, ನನಗಾಗಿಯೂ.

ನಾನು ಬದಲಾಗಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೊಲ್ಲುವ ಯಂತ್ರವನ್ನು ಚಿಕ್ಕದು ಮಾಡಿ ಮಕ್ಕಳ ಕೈಗೆ ಕೊಡುವುದು ಪಾಪವೆಂದೇ ಈಗಲೂ ಅನ್ನುತ್ತೇನೆ. ಅಂದು ತಟ್ಟೆಯ ಮುಂದೆ ನಿಮಗೆ "ಯುದ್ಧದ ಕೂಲಿ" ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ನೀವು ತುತ್ತು ಕೈಯಲ್ಲಿ ಹಿಡಿದಿದ್ದಾಗ ಅನ್ನಬಾರದಿತ್ತು.

ನಿಮ್ಮ ಮಗಳು,
ಸಪನಾ


ಅಕ್ಕಲಕೋಟ
15 ಅಕ್ಟೋಬರ್ 2025

ಚಿ. ಸಪನಾಳಿಗೆ ಅಪ್ಪನ ಆಶೀರ್ವಾದ, ಜೈ ಭೀಮ.

ಪತ್ರ ಮುಟ್ಟಿತು. ಡಬ್ಬಿಯೂ ಮುಟ್ಟಿತು. ಕೂಲಿ ಎಂದದ್ದಕ್ಕೆ ನನಗೆ ಸಿಟ್ಟಿಲ್ಲ. ಚಪಳಗಾಂವದಲ್ಲಿ ನನ್ನ ಅಪ್ಪ ಕೂಲಿ, ಅವರ ಅಪ್ಪ ಕೂಲಿ. ನಾನು ಸಂಬಳದ ಕೂಲಿ. ಅಷ್ಟು ಮೇಲೆ ಬಂದಿದ್ದೇವೆ.

ಈಗ ಕಿಟ್‌ನ ಮಾತು. ತರಬೇತಿ ಶಾಲೆಯಲ್ಲಿ ಹುಡುಗರಿಗೆ ಫಿಟ್ಟರ್ ಪಾಠ ಹೇಳಿ ಮುಗಿಸಿದ ಮೇಲೆ ಮೂರು ಸಂಜೆ ಕೂತು ನೋಡಿದ್ದೇನೆ. ಡಬ್ಬಿ ಹೊಸದು, ಚಿತ್ರ ಹೊಸದು, ಅಂಟಿಸುವ ನಂಬರು-ಗುರುತಿನ ಹಾಳೆ ಹೊಸದು. ಒಳಗಿನ ಅಚ್ಚು ಮಾತ್ರ ಹಳೆಯದು, ಸವೆದಿದೆ. ಸವೆದ ಅಚ್ಚಿನಿಂದ ಪ್ಲಾಸ್ಟಿಕ್ ಸೋರಿ ತುಂಡುಗಳ ಅಂಚಿನಲ್ಲಿ ಈರುಳ್ಳಿ ಸಿಪ್ಪೆಯಂತೆ ನಿಂತಿದೆ. ಪ್ರತಿ ತುಂಡನ್ನೂ ಬ್ಲೇಡಿನಿಂದ ಕೆರೆದ ಮೇಲೆಯೇ ಕೂಡಿಸಬೇಕು. ಹೊಟ್ಟೆಯ ಎರಡು ಹೋಳು ಸೇರಿಸಿದರೆ ಮುಂದೆ ಕೂಡುತ್ತದೆ, ಬಾಲದ ಹತ್ತಿರ ಒಂದು ಕೂದಲಿನಷ್ಟು ಬಾಯಿ ಬಿಡುತ್ತದೆ. ಕೂದಲೆಳೆ ಎಂದರೆ ಚಿಕ್ಕದಲ್ಲ, ನಲವತ್ತೆಂಟರಿಂದ ಗುಣಿಸಿ ನೋಡು.

ದೊಡ್ಡ ತಪ್ಪು ಬೆನ್ನಿನದು. ಈ ವಿಮಾನ ಹಲವು ಬಗೆಯಲ್ಲಿ ಬಂತು. ಮೊದಲಿನವುಗಳ ಬೆನ್ನು ತೆಳ್ಳಗಿತ್ತು, ಆಮೇಲಿನವುಗಳಿಗೆ ಉಬ್ಬು ಬಂತು. ಇವರು ಹಳೆಯ ಬೆನ್ನಿನ ಮೇಲೆ ಹೊಸದರ ನಂಬರು ಅಂಟಿಸಿ ಎನ್ನುತ್ತಾರೆ. ಒಬ್ಬರ ದೇಹಕ್ಕೆ ಇನ್ನೊಬ್ಬರ ಹೆಸರು ಬರೆದ ಹಾಗೆ. ಮೂಗಿನೊಳಗೆ ತೂಕ ಇಡಬೇಕೆಂದು ಕಾಗದದಲ್ಲಿ ಎಲ್ಲಿಯೂ ಇಲ್ಲ. ಇಡದಿದ್ದರೆ ಕಟ್ಟಿ ಮುಗಿಸಿದ ದಿನ ವಿಮಾನ ಬಾಲದ ಮೇಲೆ ಕೂತು ಆಕಾಶ ನೋಡುತ್ತದೆ. ಮೀನು ಗಾಳಕ್ಕೆ ಕಟ್ಟುವ ಸೀಸದ ಗುಂಡು ಎರಡು ಸಾಕು ಎಂದು ಶೇಠರಿಗೆ ಹೇಳು.

ಒಳ್ಳೆಯದೂ ಇದೆ. ರೆಕ್ಕೆಯ ಕೋನ ಸರಿಯಾಗಿದೆ. ಮೂಗಿನ ಶಂಕು ಸರಿಯಾಗಿದೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ನನಗೆ ಗುರುತು ಸಿಕ್ಕಿತು.

ನಿನ್ನ ಅವ್ವ ಬಾಗಿಲಲ್ಲಿ ನಿಂತು ಅಂದಳು: "ಏನ್ರಿ, ಇಪ್ಪತ್ತೈದು ವರ್ಷ ಖರೇ ಇಮಾನ ಜೋಡ್ಸಿ ಮನಿಗಿ ಬರಲಿಲ್ಲ. ಈಗ ಮನ್ಯಾಗ ಕುಂತು ಸುಳ್ಳ ಇಮಾನ ಜೋಡ್ಸಾಕತ್ತೀರಿ?" ಎರಡು ದಿನದಿಂದ ಅವಳು ಹಾಡು ಗುನುಗುತ್ತಿದ್ದಾಳೆ. ಕಾರಣ ಡಬ್ಬಿಯಲ್ಲ, ಅದರ ಮೇಲಿದ್ದ ನಿನ್ನ ಅಕ್ಷರ.

ಇನ್ನೇನಾದರೂ ಕೇಳುವುದಿದ್ದರೆ ಕೇಳು. ನೀನು ಇದನ್ನು ಕೇಳುವ ದಿನ ಬರುತ್ತದೆಂದು ಅಂದುಕೊಂಡಿರಲಿಲ್ಲ.

ನಿನ್ನ ಅಪ್ಪ,
ಹುಲೆಪ್ಪ


ಸೊಲ್ಲಾಪುರ
2 ನವೆಂಬರ್ 2025

ಅಪ್ಪನಿಗೆ,

ನಿಮ್ಮ ಪತ್ರವನ್ನು ಶೇಠರಿಗೆ ಓದಿ ಹೇಳಿದೆ. "ಇಷ್ಟ ಖರೇ ಹೇಳಾಂವ ನಮ್ಮ ಧಂದೇಕ್ಕ ಬರಬಾರ್ದಪ್ಪಾ" ಎಂದು ನಕ್ಕರು. ಸೀಸದ ಗುಂಡು ತರಿಸಿದ್ದಾರೆ. ಪ್ರತಿ ಡಬ್ಬಿಯ ಜೊತೆ ಎರಡು.

ನನ್ನ ಪ್ರಶ್ನೆ ಬೇರೆ. ಬೆನ್ನು, ಬಾಲ, ನಂಬರು ಎಲ್ಲ ಬರೆದಿರಿ. ಒಳಗೆ ಕೂತವರ ಬಗ್ಗೆ ಬರೆಯಲಿಲ್ಲ. ಕಿಟ್‌ನಲ್ಲಿ ಒಂದು ಗೊಂಬೆ ಇದೆಯಲ್ಲ, ಹೆಬ್ಬೆರಳಿನ ತುದಿಯಷ್ಟು? ಅದಕ್ಕೆ ಮುಖವೇ ಇಲ್ಲ. ನೀವು ಸಿದ್ಧಮಾಡಿ ಕಳಿಸಿದ ವಿಮಾನಗಳಲ್ಲಿ ಎಲ್ಲವೂ ಹಿಂದಿರುಗಿದವೇ?

ಚಿಕ್ಕವಳಿದ್ದಾಗ ನಾನು ಇದನ್ನೇ ಕೇಳಿದ್ದೆ. ನೀವು ಎದ್ದು ಸೈಕಲ್ ಒರೆಸಲು ಹೋಗಿದ್ದಿರಿ. ಈಗ ನನಗೆ ಇಪ್ಪತ್ತನಾಲ್ಕು. ಜನರಿಂದ ಮುಚ್ಚಿಟ್ಟದ್ದೆಲ್ಲ ಕೊನೆಗೆ ಜನರನ್ನೇ ಕೊಲ್ಲುತ್ತದೆ ಎಂದು ನಾನು ಓದಿದ್ದೇನೆ, ನಂಬಿದ್ದೇನೆ.

ಸಪನಾ


ಅಕ್ಕಲಕೋಟ
20 ನವೆಂಬರ್ 2025

ಚಿ. ಸಪನಾಳಿಗೆ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ನಿನ್ನೆಯ ದಿನ ಕಳೆಯಲಿ ಎಂದು ಕಾಯುತ್ತಿದ್ದೆ.

ನಿನ್ನೆ ನವೆಂಬರ್ ಹತ್ತೊಂಬತ್ತು. ಪ್ರತಿ ವರ್ಷ ಆ ದಿನ ನಾಸಿಕದಿಂದ ಛಾಯಾತಾಯಿ ಎಂಬವರ ಫೋನ್ ಬರುತ್ತದೆ. "ದಾದಾ, ಜೇವಣ ಝಾಲಂ ಕಾ?" ಎನ್ನುತ್ತಾರೆ. ಊಟವಾಯಿತು ಎನ್ನುತ್ತೇನೆ. ಅಷ್ಟೇ. ಫೋನ್ ಇಡುತ್ತಾರೆ.

ಅವರ ಅಣ್ಣ ನಮ್ಮ ನೆಲೆಯಲ್ಲಿ ಪೈಲಟ್. ಇಪ್ಪತ್ತಾರು ವರ್ಷ. 1998ರ ನವೆಂಬರ್ 19ರ ಬೆಳಿಗ್ಗೆ ಹೋದವರು ಹಿಂದಿರುಗಲಿಲ್ಲ. ಅವರ ಟ್ರಂಕನ್ನು ಮನೆಗೆ ಒಯ್ದವರಲ್ಲಿ ನಾನೂ ಒಬ್ಬ. ಛಾಯಾತಾಯಿ ಆಗ ಕಾಲೇಜು ಹುಡುಗಿ. ನನಗೆ ಚಹ ಕೊಟ್ಟು, "ನೀವು ಅವನ ವಿಮಾನ ನೋಡಿಕೊಳ್ಳುತ್ತಿದ್ದಿರಾ?" ಎಂದು ಕೇಳಿದರು. ಹೌದು ಎಂದೆ. ಅಂದಿನಿಂದ ನಾನು ಅವರಿಗೆ ದಾದಾ, ಅಣ್ಣ.

ನಮ್ಮ ಕೆಲಸ ಹೇಗೆಂದು ನಿನಗೆ ತಿಳಿದಿರಬೇಕು. ಎಡ ರೆಕ್ಕೆಯ ಬುಡದಲ್ಲಿ ಹೊಟ್ಟೆಯ ಕೆಳಗೆ ಪೋಸ್ಟ್‌ಕಾರ್ಡಿನಷ್ಟು ಒಂದು ಮುಚ್ಚಳ. ಕಿಟ್‌ನಲ್ಲಿ ಅದು ಬರೀ ಗೆರೆ. ಅದರ ಒಳಗೊಂದು ಬೋಲ್ಟ್. ಅದು ಸಡಿಲಾಗದಂತೆ ಅದರ ತಲೆಯ ತೂತಿನಲ್ಲಿ ತೆಳ್ಳನೆಯ ತಂತಿ ಪೋಣಿಸಿ, ಹೊಸೆದು, ಎದುರಿನ ಕೊಂಡಿಗೆ ಬಿಗಿಯಬೇಕು. ಬೋಲ್ಟ್ ಸಡಿಲಾಗಲು ಹೊರಟರೆ ತಂತಿ ಅದನ್ನು ಬಿಗಿಯುವ ಕಡೆಗೇ ಎಳೆಯುತ್ತದೆ. ಮಾಡಿದವನು ಪುಸ್ತಕದಲ್ಲಿ ಸಹಿ ಹಾಕುತ್ತಾನೆ. ಆಮೇಲೆ ಇನ್ನೊಬ್ಬ ಬಂದು ಬೆರಳಿಟ್ಟು ನೋಡಿ, ಅದರ ಕೆಳಗೆ ಸಹಿ ಹಾಕುತ್ತಾನೆ. ಎರಡು ಸಹಿ ಬೀಳುವವರೆಗೆ ಮುಚ್ಚಳ ಮುಚ್ಚುವಂತಿಲ್ಲ. ಒಬ್ಬನ ಕಣ್ಣನ್ನು ಯಾರೂ ನಂಬುವುದಿಲ್ಲ, ಅವನೂ ನಂಬಬಾರದು.

ಆ ಬೆಳಿಗ್ಗೆ ಆ ಕೆಲಸ ನನ್ನದು. ಪುಸ್ತಕದಲ್ಲಿ ನನ್ನ ಸಹಿ ಇತ್ತು. ಬಂಡೆಪ್ಪ ಎಂಬ ನನ್ನ ಹಿರಿಯ ಜೊತೆಗಾರ ನೋಡಿ ಎರಡನೆಯ ಸಹಿ ಹಾಕಿದ್ದ. ಇಂಜಿನ್ನಿಗೆ ಹಕ್ಕಿ ಬಡಿದದ್ದೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ನನಗೆ ಯಾರೂ ಒಂದು ಮಾತು ಅನ್ನಲಿಲ್ಲ.

ಆದರೆ ಸಪನಾ, ಆ ದಿನ ತಂತಿ ಹಾಕಿದ್ದು ನನಗೆ ನೆನಪಿಲ್ಲ. ಹಿಂದಿನ ದಿನ ಹಾಕಿದ್ದು ನೆನಪಿದೆ, ಮರುವಾರ ಹಾಕಿದ್ದು ನೆನಪಿದೆ. ಸಾವಿರ ಸಲ ಹಾಕಿದ ಕೈ ಇದು. ಆ ಒಂದು ಸಲದ್ದನ್ನು ಹುಡುಕಿದರೆ ಉಳಿದ ಸಾವಿರವೂ ಅಡ್ಡ ಬರುತ್ತವೆ. ಬಂಡೆಪ್ಪ ತೀರಿಹೋದ. ಇನ್ನು ಕೇಳಲು ಯಾರೂ ಇಲ್ಲ.

ನಿನ್ನ ಅವ್ವನಿಗೂ ಇದನ್ನು ಹೇಳಿಲ್ಲ. ನೀನು ಕೇಳಿದೆ, ಹೇಳಿದ್ದೇನೆ. ಬರೆದ ಮೇಲೆ ಕೈ ಹಗುರಾಗಿದೆ.

ನಿನ್ನ ಅಪ್ಪ,
ಹುಲೆಪ್ಪ


ಸೊಲ್ಲಾಪುರ
8 ಡಿಸೆಂಬರ್ 2025

ಅಪ್ಪನಿಗೆ ಕ್ರಾಂತಿಕಾರಿ ಜೈ ಭೀಮ.

ಇದರೊಂದಿಗೆ ನಮ್ಮ ಕರಪತ್ರ ಇಟ್ಟಿದ್ದೇನೆ. ನಾನು ಮರಾಠಿಯಲ್ಲಿ ಬರೆದೆ, ನಮ್ಮ ಯುದ್ಧವಿರೋಧಿ ಗುಂಪಿನ ಓಂಕಾರ ಛಾಪಿಸಿದ. ಡಿಸೆಂಬರ್ ಆರರ ಪರಿನಿರ್ವಾಣ ದಿನ ಬಾಬಾಸಾಹೇಬರ ಪುತ್ಥಳಿಯ ಎದುರು ನಿಂತು ಹಂಚಿದೆವು. ಐನೂರೂ ಮಧ್ಯಾಹ್ನದೊಳಗೆ ಮುಗಿದವು. ಈಗ ಫೋನುಗಳಲ್ಲಿ ಓಡುತ್ತಿದೆ. ಒಬ್ಬ ಮುದುಕಿ ಪೂರ್ತಿ ಓದಿಸಿಕೊಂಡು ನನ್ನ ಗಲ್ಲ ಸವರಿದಳು.

ನಿಮ್ಮ ಹೆಸರು ಹಾಕಿಲ್ಲ. ಆದರೆ ಅದರ ಜೀವ ನಿಮ್ಮದೇ ಮಾತು. ಕನ್ನಡದಲ್ಲಿ ಹೇಳುತ್ತೇನೆ, ನೋಡಿ:

"ಆಟಿಕೆಯ ಡಬ್ಬಿಯಲ್ಲಿ ಮುಖವಿಲ್ಲದ ಗೊಂಬೆಯೊಂದಿದೆ. ಅದಕ್ಕೆ ಮುಖವಿತ್ತು, ಇಪ್ಪತ್ತಾರು ವರ್ಷವಾಗಿತ್ತು, ನಾಸಿಕದಲ್ಲಿ ತಂಗಿಯಿದ್ದಳು. 1998ರ ನವೆಂಬರ್ 19ರಂದು ಆ ವಿಮಾನವನ್ನು ಸಿದ್ಧಮಾಡಿದ ಅಕ್ಕಲಕೋಟ ತಾಲೂಕಿನ ಫಿಟ್ಟರ್ ಇಂದು ಒಪ್ಪಿಕೊಳ್ಳುತ್ತಾನೆ: 'ಆ ದಿನ ತಂತಿ ಹಾಕಿದ್ದು ನನಗೆ ನೆನಪಿಲ್ಲ.' ಒಂದು ಗೇಣು ತಂತಿ, ಒಂದು ಜೀವ! ಯುದ್ಧದ ಯಂತ್ರ ಬಡವನ ಕೈಯಿಂದಲೇ ಬಡವನ ಮನೆಯನ್ನು ಸುಡುತ್ತದೆ. ಇದನ್ನು ನಿಮ್ಮ ಮಕ್ಕಳಿಗೆ ಆಡಲು ಕೊಡುತ್ತೀರಾ?"

ಅಪ್ಪಾ, ಇಪ್ಪತ್ತೇಳು ವರ್ಷ ನಿಮ್ಮನ್ನು ತಿಂದದ್ದು ಈಗ ಜನರ ಸತ್ಯವಾಗಿದೆ. ನಿಮ್ಮ ಮಗಳೆಂದು ನನಗೆ ಮೊದಲ ಸಲ ಹೆಮ್ಮೆಯಾಯಿತು. ಬೇಗ ಬರೆಯಿರಿ. ಈ ರವಿವಾರ ಬರಲೇ?

ನಿಮ್ಮ
ಸಪನಾ


ಅಕ್ಕಲಕೋಟ
ತಾ. 19 ಡಿಸೆಂಬರ

ಸಪನಾ,

ನಾ ಸಾಲ್ಯಾಗ ನಾಕನೆತ್ತಾ ತನಕ ಕಲ್ತಾಕಿ. ತಪ್ಪಿದ್ದಲ್ಲಿ ತಿದ್ದಿಕೊಂಡು ಓದು. ಮಂದೀ ಮಾತು ತಿದ್ದೂದು ನಿನಗ ಛಲೋ ಬರ್ತದ.

ಛಾಯಾಬಾಯಿ ಫೋನ ಮಾಡಿದ್ಲು. ಹತ್ತೊಂಬತ್ತು ನವೆಂಬರ ಬಿಟ್ರ ಆಕಿ ಎಂದೂ ಮಾಡಾಕಿ ಅಲ್ಲ. ನಿಮ್ಮಪ್ಪಾ ಹೆಸರ ನೋಡಿ ನಕ್ಕೊಂತ ಎತ್ತಿದ್ರು. ಊಟಾ ಆತೇನ ಅಂತ ಆಕಿ ಕೇಳಲಿಲ್ಲ. ಯಾರೋ ಆಕಿಗಿ ನಿನ್ನ ಕಾಗದದ ಫೋಟೋ ಕಳಸ್ಯಾರ. ನೀ ಹೆಸರ ಬರ್ದಿಲ್ಲ, ಖರೆ ಅದ. ಊರ ಬರ್ದಿ, ತಾರೀಖ ಬರ್ದಿ, ಫಿಟ್ಟರ ಅಂತ ಬರ್ದಿ, ನಾಸಿಕದಾಗ ತಂಗಿ ಅಂತನೂ ಬರ್ದಿ. ಇನ್ನ ಹೆಸರ ಯಾತಕ್ಕ ಬೇಕವಾ?

ಆಕಿ ಬಯ್ಯಲಿಲ್ಲ. ಬೈದಿದ್ರ ಛಲೋ ಇತ್ತು. "ದಾದಾ, ನನಗ್ಯಾಕ ಹೇಳಲಿಲ್ಲ" ಅಂತ ಒಂದ ಮಾತ ಕೇಳಿದ್ಲು. ಆಕಿ ಫೋನ ಇಟ್ಟ ಮ್ಯಾಲೂ ನಿಮ್ಮಪ್ಪಾ ಕಿವೀಗಿ ಹಚ್ಚಿಕೊಂಡೇ ಕುಂತಿದ್ರು. ಚಹಾ ಇಟ್ಟೆ, ಕೆನಿಗಟ್ಟಿತು.

ಹತ್ತ ದಿನಾತು, ತರಬೇತಿ ಸಾಲಿಗಿ ಹೋಗೂದು ಬಿಟ್ಟಾರ. ಹುಡುಗೋರು ಏನೂ ಅಂದಿಲ್ಲಂತ. ಒಬ್ಬಾಂವ ಮಾತ್ರ ಬೋಲ್ಟಿನ ಪಾಠದಾಗ ಎದ್ದು "ಸರ್, ತಂತಿ ಹಾಕೂದು ಮರತ್ರ ಏನಾಗ್ತದರಿ" ಅಂತ ಕೇಳ್ಯಾನ. ಪಾಠಕ್ಕ ಕೇಳ್ಯಾನೋ ಚಾಷ್ಟಿ ಮಾಡ್ಯಾನೋ ದೇವರಿಗೇ ಗೊತ್ತು. ಬೋರ್ಡಿನ ಮ್ಯಾಲ ಬರಿಯೂ ಖಡು ಕೆಳಗಿಟ್ಟು ಮನಿಗಿ ಬಂದಾರ.

ಈ ಮಾತು ನನಗ ನಿನ್ನ ಕಾಗದದಿಂದ ಗೊತ್ತಾತು. ಮೂವತ್ತ ವರ್ಷ ಮಗ್ಗಲದಾಗ ಇದ್ದಾಕಿಗಿ ಹೇಳಲಾರದ್ದು ನಿನಗ ಹೇಳ್ಯಾರ. ನೀ ಐನೂರ ಮಂದಿಗಿ ಹಂಚಿದಿ. ನೀ ಸಣ್ಣಾಕಿದ್ದಾಗ ಅವರ ಪತ್ರಾ ತಲಿದಿಂಬಿನ್ಯಾಗ ಇಟ್ಕೊಂಡು ಮಲಗತಿದ್ದಿ, ನಾ ತಗದ್ರ ಅಳತಿದ್ದಿ.

ಈಗ ಬರಬ್ಯಾಡ.

ಅವ್ವ
ಭಾಗಾಬಾಯಿ


ಸೊಲ್ಲಾಪುರ
12 ಜನವರಿ 2026

ಅಪ್ಪಾ,

ಅವ್ವ ಬೇಡವೆಂದರೂ ನಿನ್ನೆ ಬಂದಿದ್ದೆ. ನೀವು ಹನ್ನೂರಿಗೆ ಹೋಗಿದ್ದೀರಿ ಎಂದಳು. ನಿಮ್ಮ ಚಪ್ಪಲಿ ಬಾಗಿಲಲ್ಲೇ ಇದ್ದವು. ನಾನು ಅವುಗಳ ಪಕ್ಕ ಸ್ವಲ್ಪ ಹೊತ್ತು ಕೂತು ಎಸ್‌ಟಿ ಬಸ್ಸು ಹತ್ತಿದೆ.

ನಾನು ಎರಡು ಸಾಲು ಬಿಟ್ಟೆ. ಹಕ್ಕಿ ಬಡಿಯಿತೆಂಬ ಸಾಲು, ಬಂಡೆಪ್ಪನವರು ನೋಡಿ ಸಹಿ ಹಾಕಿದರೆಂಬ ಸಾಲು. ಓಂಕಾರನ ಮೇಲೆ ತಪ್ಪು ಹಾಕುವುದಿಲ್ಲ, ಅವನು ನಿಮ್ಮ ಪತ್ರವನ್ನೇ ನೋಡಿಲ್ಲ. ಬಿಟ್ಟವಳು ನಾನು. ಅವೆರಡು ಇದ್ದರೆ ಮಾತು ಮೊಂಡಾಗುತ್ತಿತ್ತು. ಮೊನೆ ಬೇಕಿತ್ತು ನನಗೆ. ಅದು ಯಾರಿಗೆ ಚುಚ್ಚುತ್ತದೆಂದು ಯೋಚಿಸಲಿಲ್ಲ. ಸರಕಾರಕ್ಕೆ ಚುಚ್ಚುತ್ತದೆ, ಕಂಪನಿಗೆ ಚುಚ್ಚುತ್ತದೆ ಅಂದುಕೊಂಡಿದ್ದೆ. ಸರಕಾರಕ್ಕೆ ಗೊತ್ತೂ ಆಗಿಲ್ಲ. ಕಿಟ್ ಇವತ್ತು ಎರಡು ಮಾರಾಟವಾದವು, ಬಿಲ್ಲು ಬರೆದವಳು ನಾನೇ.

ಎರಡು ಸಹಿ ಬೀಳುವವರೆಗೆ ಮುಚ್ಚಳ ಮುಚ್ಚುವಂತಿಲ್ಲ ಎಂದು ನೀವು ಬರೆದದ್ದನ್ನು ಓದಿದ್ದೆ. ಆ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಕೂಡ ಎಳೆದಿದ್ದೆ. ಛಾಪಿಸುವ ಮೊದಲು ನಿಮಗೊಮ್ಮೆ ತೋರಿಸಬೇಕೆಂದು ಹೊಳೆಯಲಿಲ್ಲ. ಹೊಳೆದಿತ್ತು. ನೀವು ಬೇಡ ಎನ್ನುತ್ತೀರೆಂದು ತೋರಿಸಲಿಲ್ಲ.

ಈಗ ತಿದ್ದುಪಡಿಯ ಕರಪತ್ರ ಬರೆದಿದ್ದೇನೆ. ಮತ್ತೆ ಐನೂರು ಛಾಪಿಸುತ್ತೇನೆ, ಮೊದಲ ಪ್ರತಿ ಛಾಯಾತಾಯಿಗೆ. ಅದರಲ್ಲಿ ಇಷ್ಟೇ ಇದೆ:

"ಹಿಂದಿನ ಕರಪತ್ರದಲ್ಲಿ ನಾನು ಸತ್ಯವನ್ನು ಕತ್ತರಿಸಿದೆ. ಆ ಫಿಟ್ಟರ್ ತಂತಿ ಹಾಕಿದ್ದರು. ಇನ್ನೊಬ್ಬರು ಅದನ್ನು ನೋಡಿದ್ದರು. ವಿಮಾನ ಬಿದ್ದದ್ದು ಹಕ್ಕಿಯಿಂದ. ಆ ಫಿಟ್ಟರ್ ನಿರ್ದೋಷಿ.
ಬರೆದವಳು: ಸಪನಾ
ನೋಡಿದವರು:"

ನೋಡಿ, ನಿಮ್ಮ ಸಹಿ ಹಾಕಿ ಕಳಿಸಿ. ನೀವು ಸಹಿ ಹಾಕದೆ ಒಂದಕ್ಷರವೂ ಹೊರಗೆ ಹೋಗುವುದಿಲ್ಲ.

ಸಪನಾ


ಅಕ್ಕಲಕೋಟ
16 ಫೆಬ್ರವರಿ 2026

ಸಪನಾಳಿಗೆ,

ನಿನ್ನ ಕಾಗದವನ್ನು ಸಹಿಯಿಲ್ಲದೆ ಹಿಂದಕ್ಕೆ ಕಳಿಸಿದ್ದೇನೆ. ಸಿಟ್ಟಿನಿಂದಲ್ಲ. ಒಂದು ತಿಂಗಳು ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ದಿನವೂ ಪೆನ್ನು ತೆಗೆಯುತ್ತಿದ್ದೆ.

"ಆ ಫಿಟ್ಟರ್ ತಂತಿ ಹಾಕಿದ್ದರು" ಎಂದು ಬರೆದಿದ್ದೀಯ. ನಿನಗೆ ಹೇಗೆ ಗೊತ್ತು? ನನಗೇ ಗೊತ್ತಿಲ್ಲ. ಮೊದಲ ಕರಪತ್ರದಲ್ಲಿ ನಾನು ಹಾಕಲಿಲ್ಲ ಎಂಬಂತೆ ನೀನು ಬರೆದೆ, ಎರಡನೆಯದರಲ್ಲಿ ಹಾಕಿದೆ ಎಂದು ಬರೆದೆ. ಎರಡೂ ಸಲ ನೀನು ಮುಚ್ಚಳ ತೆಗೆದು ನೋಡಿಲ್ಲ. ನೋಡದೆ ಸಹಿ ಹಾಕುವವನು ನಾನಲ್ಲ. ಅದೊಂದೇ ನನ್ನ ಹತ್ತಿರ ಉಳಿದಿರುವುದು.

ಪುಸ್ತಕದಲ್ಲಿ ಸಹಿ ಇತ್ತು. ಅಷ್ಟನ್ನೇ ನಂಬಿಕೊಂಡು ವರ್ಷಕ್ಕೊಂದು ಸಲ ಊಟವಾಯಿತು ಎನ್ನುತ್ತಿದ್ದೆ. ಈಗ ಛಾಯಾತಾಯಿಗೆ ಏನೆಂದು ಹೇಳಲಿ? ನೆನಪಿಲ್ಲ ಎಂದರೆ ಅವರಿಗೆ ಅಣ್ಣ ಇನ್ನೊಮ್ಮೆ ಸಾಯುತ್ತಾನೆ. ಹಾಕಿದ್ದೆ ಎಂದರೆ ನಾನು ಸುಳ್ಳನಾಗುತ್ತೇನೆ. ಎರಡು ಸಲ ಅವರ ನಂಬರು ಒತ್ತಿ, ರಿಂಗ್ ಆಗುವ ಮೊದಲು ಇಟ್ಟಿದ್ದೇನೆ. ಈ ನವೆಂಬರಿನಲ್ಲಿ ಫೋನ್ ಬರಲಾರದು.

ತರಬೇತಿ ಶಾಲೆಗೆ ರಾಜೀನಾಮೆ ಕೊಟ್ಟೆ. ಬೇಡವೆಂದು ಹೇಳಲು ಶಾಲೆಯವರು ಮನೆಯವರೆಗೆ ಬಂದರು. ತಂತಿ ಹೊಸೆಯುವುದನ್ನು ಕಲಿಸುವಾಗ ಹುಡುಗರು ನನ್ನ ಕೈ ನೋಡುತ್ತಾರೆ. ಮೊದಲೂ ನೋಡುತ್ತಿದ್ದರು, ಕಲಿಯಲು.

ಕಿಟ್ ಕಟ್ಟಿ ಮುಗಿಸಿದ್ದೇನೆ. ಈ ಪೆಟ್ಟಿಗೆಯಲ್ಲಿ ಕಳಿಸುತ್ತಿದ್ದೇನೆ. ಬಿಚ್ಚುವಾಗ ರೆಕ್ಕೆ ಹಿಡಿಯಬೇಡ, ಹೊಟ್ಟೆ ಹಿಡಿ. ಶೇಠರು ಕೇಳಿದ್ದಕ್ಕೆ ನನ್ನ ಕೊನೆಯ ಅಭಿಪ್ರಾಯ: ಅಚ್ಚು ಹಳೆಯದು, ಕೂಡಿಸುವುದು ಕಷ್ಟ, ತಾಳ್ಮೆ ಇದ್ದವರಿಗೆ ಮಾರಬಹುದು. ಬೆನ್ನಿನ ತಪ್ಪು ತಿದ್ದಲು ಆಗುವುದಿಲ್ಲ, ಅದು ಅಚ್ಚಿನಲ್ಲೇ ಇದೆ. ನಂಬರು ಅಂಟಿಸಿಲ್ಲ. ಗೊಂಬೆಯನ್ನು ಕೂರಿಸಿಲ್ಲ, ಚೀಟಿಯಲ್ಲಿ ಸುತ್ತಿ ಬೇರೆ ಇಟ್ಟಿದ್ದೇನೆ.

ಎಡ ರೆಕ್ಕೆಯ ಬುಡದಲ್ಲಿ ಗೆರೆಯಿದ್ದ ಕಡೆ ಕತ್ತರಿಸಿ ಮುಚ್ಚಳ ಮಾಡಿದ್ದೇನೆ. ಒಳಗೆ ಗುಂಡುಸೂಜಿಯ ತಲೆಯಿಂದ ಬೋಲ್ಟ್ ಮಾಡಿದೆ. ಹಳೆಯ ವಾಯರಿನಿಂದ ಒಂದು ಎಳೆ ತಾಮ್ರ ತೆಗೆದು, ನಿನ್ನ ಅವ್ವನ ಸೂಜಿಯಿಂದ ಪೋಣಿಸಿ, ಹೊಸೆದು ಬಿಗಿದಿದ್ದೇನೆ. ನಾಲ್ಕು ದಿನ ಹಿಡಿಯಿತು. ಕಿಟ್‌ನಲ್ಲಿ ಈ ತಂತಿ ಇಲ್ಲ. ನಾನು ಹಾಕಿದ್ದೇನೆ. ಈ ಸಲ ಹಾಕಿದ್ದು ನನಗೆ ನೆನಪಿದೆ.

ಮುಚ್ಚಳವನ್ನು ಅಂಟಿಸಿಲ್ಲ. ಪೆಟ್ಟಿಗೆಯ ಮೂಲೆಯಲ್ಲಿ ಬಿಡಿಯಾಗಿದೆ.

ಮಾಡಿದವನು: ಹುಲೆಪ್ಪ

ನೋಡಿದವರು: